ಹರಿಹರ, ದಾವಣಗೆರೆಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್

ದ್ವಿನಾಮ ನಾಮಕರಣದ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆದು ತರುವ ಪಾಠಯೋಜನೆಗಳಲ್ಲಿ ಸ್ವೀಡನ್ನಿನ ಲಿನೇಯಸ್ ತಪ್ಪದೆ ಇರುತ್ತಾರೆ. ಮಾವು, ಹುಲಿ, ಮನುಷ್ಯ ಎಂಬ ಮೂರು ಉದಾಹರಣೆಗಳೂ ಇರುತ್ತವೆ. ಪಾಠದಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರಿಡುವುದು ದೂರದ ದೇಶದಲ್ಲಿ ಎಂದೋ ಮುಗಿದುಹೋದ ಕೆಲಸ, ನಮಗೆ ಉಳಿದಿರುವುದು ಬಾಯಿಪಾಠ ಮಾತ್ರ ಎಂಬ ಭಾವನೆ ಮಕ್ಕಳಲ್ಲಿ ನಿಂತುಬಿಡುತ್ತದೆ. ಆ ಕೆಲಸವನ್ನೇ ಜೀವನವಿಡೀ ಮಾಡಿದವರೊಬ್ಬರು 1801ರಲ್ಲಿ ಹೊನ್ನಾಳಿಯ ಕಡೆಯಿಂದ ಹರಿಹರಕ್ಕೆ ಬಂದು, ದಾವಣಗೆರೆಯನ್ನು ನೋಡಿ, ಚಿತ್ರದುರ್ಗದ ದಾರಿ ಹಿಡಿದಿದ್ದರು. ನಮ್ಮ ಭಾಗದ ತರಗತಿಯಲ್ಲಿ ಈ ಪಾಠವನ್ನು ಅವರ ಜೀವನದಿಂದ ಆರಂಭಿಸಬಹುದು.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ, 1762ರ ಫೆಬ್ರುವರಿ 15ರಂದು. ತಂದೆ ವೈದ್ಯರು. ಮಗನೂ ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1783ರಲ್ಲಿ ಪದವಿ ಪಡೆದರು. ಆ ಕಾಲದಲ್ಲಿ ಔಷಧಿಯೆಂದರೆ ಬಹುಪಾಲು ಗಿಡಮೂಲಿಕೆ. ಆದ್ದರಿಂದ ವೈದ್ಯ ವಿದ್ಯಾರ್ಥಿಗೆ ಸಸ್ಯಶಾಸ್ತ್ರ ಬೇಕೇ ಬೇಕಿತ್ತು. ಅದನ್ನು ಕಲಿಸಿದವರು ಜಾನ್ ಹೋಪ್. ಲಿನೇಯಸ್ಸರ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಮೊದಲು ಬೋಧಿಸಿದವರಲ್ಲಿ ಹೋಪ್ ಒಬ್ಬರು. ಭಾರತದ ಸಸ್ಯಗಳ ಬಗ್ಗೆ ದೊಡ್ಡ ಕೆಲಸ ಮಾಡಿದ ವಿಲಿಯಂ ರಾಕ್ಸ್‌ಬರ್ಗ್, ಲಿನೇಯಸ್ಸರ ಸಂಗ್ರಹವನ್ನೇ ಕೊಂಡು ತಂದ ಜೇಮ್ಸ್ ಎಡ್ವರ್ಡ್ ಸ್ಮಿತ್ ಇಬ್ಬರೂ ಅವರ ಶಿಷ್ಯರೇ. ಒಬ್ಬ ಒಳ್ಳೆಯ ಶಿಕ್ಷಕ ಎಷ್ಟು ದೂರ ತಲುಪುತ್ತಾನೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷ ಬರ್ಮಾಕ್ಕೆ ಹೋದ ನಿಯೋಗದ ಜೊತೆ ನಡೆದರು, 1798ರಲ್ಲಿ ಚಿತ್ತಗಾಂಗ್ ಸುತ್ತಿದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಜನ ಹೇಗೆ ಬದುಕುತ್ತಾರೆ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಅದಕ್ಕೆ ಆಯ್ಕೆಯಾದವರು ಬುಕಾನನ್. ಕಂಪನಿಗೆ ಬೇಕಿದ್ದುದು ಲಾಭದ ಲೆಕ್ಕ ಎಂಬುದನ್ನು ಮರೆಯಬಾರದು. ಆದರೆ ಲೆಕ್ಕ ಬರೆಯಲು ಹೊರಟವರ ಕಣ್ಣು ಸಸ್ಯಶಾಸ್ತ್ರಜ್ಞರದಾಗಿತ್ತು.

1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು, ಸುಮಾರು ಒಂದು ವರ್ಷ ಕಾಲ ಮೈಸೂರು, ಮಲಬಾರು, ಕನ್ನಡ ಕರಾವಳಿ, ಮಲೆನಾಡು ಸುತ್ತಿ, ಬಯಲುಸೀಮೆಗೆ ಇಳಿದರು. ನಮ್ಮ ಊರುಗಳು ಅವರ ದಾರಿಗೆ ಸಿಕ್ಕಿದ್ದು ಆಗಲೇ. ಕಂಬಳಿ ನೇಯ್ಗೆ ಮತ್ತು ವ್ಯಾಪಾರದ ಊರಾಗಿ ದಾವಣಗೆರೆ ಅವರ ಬರಹದಲ್ಲಿ ಕಾಣುತ್ತದೆ. ಈ ಪ್ರವಾಸದ ಕಥನ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ನಮ್ಮ ಪಾಠಕ್ಕೆ ಬೇಕಾದದ್ದು ಆ ಸಂಪುಟಗಳಲ್ಲಿ ಬೆಳೆಗಳನ್ನು ಬರೆದ ರೀತಿ. ರೈತರ ಬಾಯಿಂದ ಕೇಳಿದ ಹೆಸರನ್ನು ಬುಕಾನನ್ ಬಿಡಲಿಲ್ಲ. ಅದರ ಪಕ್ಕದಲ್ಲೇ ಲಿನೇಯಸ್ ಪದ್ಧತಿಯ ಹೆಸರನ್ನು ಇಟ್ಟರು. ರಾಗಿ ಎಂದರೆ ಸೈನೋಸೂರಸ್ ಕೊರಕಾನಸ್, ನವಣೆ ಎಂದರೆ ಪ್ಯಾನಿಕಮ್ ಇಟ್ಯಾಲಿಕಮ್, ತೊಗರಿ ಎಂದರೆ ಸೈಟಿಸಸ್ ಕಜಾನ್, ಅವರೆ ಎಂದರೆ ಡಾಲಿಕಸ್ ಲಬ್‌ಲಬ್. ಇಂದಿನ ಪುಸ್ತಕ ತೆರೆದು ನೋಡಿ. ರಾಗಿ ಎಲುಸಿನೆ ಕೊರಕಾನ, ನವಣೆ ಸೆಟೇರಿಯ ಇಟ್ಯಾಲಿಕ, ತೊಗರಿ ಕಜಾನಸ್ ಕಜಾನ್. ಎರಡು ಪದಗಳಲ್ಲಿ ಮೊದಲನೆಯದು ಬದಲಾಗಿದೆ; ಎರಡನೆಯದು ಕೊನೆಯ ಅಕ್ಷರ ಮಾತ್ರ ತಿದ್ದಿಕೊಂಡು ಉಳಿದಿದೆ.

ಇದು ಆಕಸ್ಮಿಕವಲ್ಲ. ಮೊದಲ ಪದ ಜಾತಿಯದು. ಈ ಜೀವಿ ಯಾವ ಗುಂಪಿನ ನೆಂಟ ಎಂಬ ತೀರ್ಮಾನ ಅದರಲ್ಲಿದೆ. ಹೊಸ ಆಧಾರ ಸಿಕ್ಕರೆ ತೀರ್ಮಾನ ಬದಲಾಗುತ್ತದೆ, ಪದವೂ ಬದಲಾಗುತ್ತದೆ. ಎರಡನೆಯದು ಪ್ರಭೇದದ ಗುರುತು. ಮೊದಲು ಕೊಟ್ಟವರ ಹೆಸರಿಗೇ ಮನ್ನಣೆ ಎಂಬ ನಿಯಮದಿಂದ ಅದು ಸಾಮಾನ್ಯವಾಗಿ ಸ್ಥಿರ. ಕೊರಕಾನ ಎಂಬುದು ಸಿಂಹಳದ ಜನ ರಾಗಿಗೆ ಹೇಳುವ ಕುರಕ್ಕನ್. ಲಿನೇಯಸ್ಸರೂ ಊರಿನ ಮಾತನ್ನೇ ಎತ್ತಿಕೊಂಡಿದ್ದರು! ಅವರೆಯ ಕಥೆ ಮಾತ್ರ ಬೇರೆ. ಅದನ್ನು ಲಬ್‌ಲಬ್ ಎಂಬ ಜಾತಿಗೆ ಸೇರಿಸಿದಾಗ ಲಬ್‌ಲಬ್ ಲಬ್‌ಲಬ್ ಆಗಬೇಕಿತ್ತು. ಸಸ್ಯಗಳಲ್ಲಿ ಎರಡೂ ಪದ ಒಂದೇ ಇರುವಂತಿಲ್ಲ. ಹಾಗಾಗಿ ಇಂದು ಅದು ಲಬ್‌ಲಬ್ ಪರ್ಪ್ಯೂರಿಯಸ್. (ಜಾತಿ ಎಂಬ ಪಾರಿಭಾಷಿಕ ಪದ ಕೇಳಿದೊಡನೆ ಹಿಂದಿನ ಬೆಂಚಿನಲ್ಲಿ ಗುಸುಗುಸು ಏಳುತ್ತದೆ. ಅದಕ್ಕೂ ಮನುಷ್ಯರ ಜಾತಿಗೂ ಸಂಬಂಧವಿಲ್ಲವೆಂದು ಆರಂಭದಲ್ಲೇ ಹೇಳಿಬಿಡುವುದು ಒಳ್ಳೆಯದು.)

ಮೈಸೂರಿನಿಂದ ಮರಳಿದ ಮೇಲೆ ನೇಪಾಳ, ಆಮೇಲೆ 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ. ಈ ವರ್ಷಗಳಲ್ಲಿ ಅವರ ಮನಸ್ಸು ನೆಟ್ಟದ್ದು ಮೀನುಗಳ ಮೇಲೆ. ಮೀನನ್ನು ಕಣ್ಣೆದುರು ಇಟ್ಟು ವಿವರ ಬರೆದರು, ಭಾರತೀಯ ಕಲಾವಿದರಿಂದ ಚಿತ್ರ ಬರೆಸಿದರು. 1815ರಲ್ಲಿ ಊರಿಗೆ ಹೊರಟಾಗ ಪೆಟ್ಟು ಬಿತ್ತು: ಚಿತ್ರಗಳು ಸರ್ಕಾರದ ಸ್ವತ್ತೆಂದು ಗವರ್ನರ್ ಜನರಲ್ ಅವನ್ನು ಕಲ್ಕತ್ತೆಯಲ್ಲೇ ಉಳಿಸಿಕೊಂಡರು. ವರ್ಷಗಟ್ಟಲೆ ದುಡಿದವರಿಗೆ ಆದ ನೋವನ್ನು ಊಹಿಸಬಹುದು. ಸ್ಕಾಟ್ಲೆಂಡಿನಲ್ಲಿ ತಾಯಿಯ ಕಡೆಯ ಆಸ್ತಿಗೆ ವಾರಸುದಾರರಾಗಿ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದರು. ಹೆಸರಿಡುವವರ ಹೆಸರೇ ಬದಲಾಯಿತು! ಗಿಡಗಳ ಹೆಸರಿನ ಮುಂದೆ ಬುಕಾನನ್-ಹ್ಯಾಮಿಲ್ಟನ್ ಎಂದೂ ಮೀನುಗಳ ಮುಂದೆ ಹ್ಯಾಮಿಲ್ಟನ್ ಎಂದೂ ಕಂಡರೆ ಇಬ್ಬರೆಂದು ಭಾವಿಸಬೇಡಿ.

ಗಂಗಾ ಮತ್ತು ಅದರ ಶಾಖೆಗಳ ಮೀನುಗಳ ಬಗೆಗಿನ ಅವರ ಗ್ರಂಥ 1822ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾಯಿತು. ಸುಮಾರು 270 ಪ್ರಭೇದಗಳ ವಿವರಣೆ, ಆದರೆ ಚಿತ್ರಫಲಕಗಳು 39 ಮಾತ್ರ. ಹೆಸರುಗಳಲ್ಲಿ ಬಹಳಷ್ಟು ಬೆಸ್ತರ ಬಾಯಿಂದ ಬಂದವು: ರೋಹಿತ, ಕಾಟ್ಲಾ, ಮೃಗಾಲ. ಇಂದು ಮೀನುಗಾರಿಕೆ ಇಲಾಖೆ ನಮ್ಮ ಕೆರೆಗಳಿಗೆ ಮರಿ ಬಿಡುವ ಮೀನುಗಳು ಇವೇ. ಲೋಕದ ಪ್ರಯೋಗಾಲಯಗಳಲ್ಲೆಲ್ಲ ಸಾಕುವ ಪಟ್ಟೆಮೀನು ಡೇನಿಯೊ ರೆರಿಯೊ ಕೂಡ ಅವರು ಹೆಸರಿಟ್ಟದ್ದೇ.

ರೋಹು ಮೀನಿನ ಹೆಸರನ್ನು ಲೇಬಿಯೊ ರೋಹಿತ (ಹ್ಯಾಮಿಲ್ಟನ್, 1822) ಎಂದು ಬರೆಯುತ್ತಾರೆ. ಆ ಆವರಣ ಚಿಹ್ನೆ ಅಲಂಕಾರಕ್ಕಲ್ಲ. ಹ್ಯಾಮಿಲ್ಟನ್ ಅದನ್ನು ಸೈಪ್ರಿನಸ್ ಜಾತಿಯಲ್ಲಿ ಇಟ್ಟಿದ್ದರು, ಆಮೇಲೆ ಬೇರೆಯವರು ಲೇಬಿಯೊಗೆ ಸಾಗಿಸಿದರು ಎಂಬ ಚರಿತ್ರೆ ಆ ಎರಡು ಗೀಟುಗಳಲ್ಲಿದೆ. ಮಗು ಇದನ್ನು ಕೇಳಿದರೆ ಪರೀಕ್ಷೆಗೆ ಬರುವುದಿಲ್ಲ ಎಂದು ಹಾರಿಸಬೇಡಿ.

ಅವರು 1829ರ ಜೂನ್ 15ರಂದು ತೀರಿಕೊಂಡರು. ಮಾದರಿಯಾಗಿ ಕೆಡದಂತೆ ಇಟ್ಟ ಮೀನುಗಳು ಉಳಿದಿರಲಿಲ್ಲ. ಯಾವ ಹೆಸರು ಯಾವ ಮೀನಿನದು ಎಂಬ ಗೊಂದಲ ಬಂದಾಗ ಗತಿ ವಿವರಣೆ ಮತ್ತು ಕಲ್ಕತ್ತೆಯಲ್ಲಿ ಉಳಿದ ಆ ಚಿತ್ರಗಳೇ. ಭಾರತೀಯ ಮೀನುತಜ್ಞ ಸುಂದರಲಾಲ್ ಹೋರಾ 1929ರಲ್ಲಿ, ಹ್ಯಾಮಿಲ್ಟನ್ ತೀರಿಕೊಂಡ ನೂರನೆಯ ವರ್ಷ, ಅವರ ಗ್ರಂಥವನ್ನು ಅಭ್ಯಾಸ ಮಾಡುವವರಿಗೆ ನೆರವಾಗುವ ಪ್ರಬಂಧ ಪ್ರಕಟಿಸಿದರು. ಕೆಲಸ ಅಲ್ಲಿಗೂ ನಿಂತಿಲ್ಲ. ಪ್ರಾಣಿಗಳಲ್ಲಿ ಎರಡೂ ಪದ ಒಂದೇ ಇರಲು ಅಡ್ಡಿಯಿಲ್ಲವಾದ್ದರಿಂದ ಕಾಟ್ಲಾ ಮೀನು ಬಹುಕಾಲ ಕಾಟ್ಲಾ ಕಾಟ್ಲಾ ಆಗಿತ್ತು. ಈಗ ಹಲವರು ಅದನ್ನು ಲೇಬಿಯೊ ಕಾಟ್ಲಾ ಎಂದು ಬರೆಯುತ್ತಿದ್ದಾರೆ. ಪಠ್ಯಪುಸ್ತಕದಲ್ಲಿ ಒಂದು, ಬೇರೆ ಪುಸ್ತಕದಲ್ಲಿ ಇನ್ನೊಂದು ಕಂಡ ಹುಡುಗ ಎದ್ದು ನಿಂತು ಯಾವುದು ಸರಿ ಎಂದು ಕೇಳಿದರೆ, ಎರಡನ್ನೂ ಹಲಗೆಯ ಮೇಲೆ ಬರೆದು, ಬದಲಾಗಿದ್ದು ಯಾವ ಪದ ಎಂದು ಅವನನ್ನೇ ಕೇಳಿ.