ಮಾರ್ಕಸ್ ಗಾರ್ವಿ: ಶಿಕ್ಷೆ ಮುಗಿದರೂ ಅಳಿಯದ ದಾಖಲೆ

ನ್ಯಾಯಾಲಯ ವಿಧಿಸುವ ಜೈಲುವಾಸಕ್ಕೆ ಒಂದು ಕೊನೆಯ ದಿನವಿರುತ್ತದೆ. ಆದರೆ ಅಪರಾಧಿ ಎಂಬ ದಾಖಲೆಗೆ ಕೊನೆಯುಂಟೇ? ಅದೂ ಪರದೇಶದಲ್ಲಿ ನೆಲೆಸಿದವನಾದರೆ? ಮಾರ್ಕಸ್ ಗಾರ್ವಿಯವರ ಬದುಕನ್ನು ಗಮನಿಸಿ.

1887ರ ಆಗಸ್ಟ್ 17ರಂದು ಜಮೈಕಾದ ಸೇಂಟ್ ಆನ್ಸ್ ಬೇ ಎಂಬಲ್ಲಿ ಗಾರೆ ಕೆಲಸದವರೊಬ್ಬರ ಮಗನಾಗಿ ಗಾರ್ವಿ ಜನಿಸಿದರು. ಎಳೆಯ ಪ್ರಾಯದಲ್ಲೇ ಮುದ್ರಣಾಲಯ ಸೇರಿ ಅಚ್ಚಿನ ಕೆಲಸ ಕಲಿತರು. ಮುಂದೆ ಲಂಡನ್ನಿನಲ್ಲಿ ದೂಸೆ ಮುಹಮ್ಮದ್ ಅಲಿಯವರ ಪತ್ರಿಕೆಯಲ್ಲಿ ದುಡಿದರು. 1914ರಲ್ಲಿ ಊರಿಗೆ ಮರಳಿ ಕಪ್ಪು ಜನರ ಏಳಿಗೆಗಾಗಿ ಸಂಘ ಕಟ್ಟಿದರು. 1916ರಲ್ಲಿ ಅಮೆರಿಕಕ್ಕೆ ಹೋದರು. 1919ರಲ್ಲಿ ಜನಸಾಮಾನ್ಯರಿಗೆ ಐದು ಡಾಲರಿನ ಶೇರುಗಳನ್ನು ಮಾರಿ ಬ್ಲ್ಯಾಕ್ ಸ್ಟಾರ್ ಲೈನ್ ಎಂಬ ಹಡಗು ಕಂಪೆನಿ ಆರಂಭಿಸಿದರು.

ಅವರ ಜನಪ್ರಿಯತೆ ಸರಕಾರದ ಕಣ್ಣಿಗೆ ಬಿತ್ತು. ಗಡೀಪಾರು ಮಾಡಲು ತಕ್ಕ ಅಪರಾಧ ಯಾವುದೂ ಸಿಗುತ್ತಿಲ್ಲವೆಂದು ಅಧಿಕಾರಿ ಎಡ್ಗರ್ ಹೂವರ್ 1919ರಲ್ಲೇ ಬರೆದಿಟ್ಟಿದ್ದರು. ಇತ್ತ ಕಂಪೆನಿ ಹಳೆಯ ಹಡಗುಗಳನ್ನು ದುಬಾರಿ ಬೆಲೆಗೆ ಕೊಂಡು ನಷ್ಟಕ್ಕೀಡಾಯಿತು. ಇನ್ನೂ ಕೊಳ್ಳದ ಹಡಗಿನ ಚಿತ್ರವನ್ನು ತನ್ನದೆಂಬಂತೆ ಅಚ್ಚು ಹಾಕಿಸಿತ್ತು. ಅಂಚೆಯ ಮೂಲಕ ವಂಚನೆ ಎಂಬ ಆರೋಪದಲ್ಲಿ 1923ರಲ್ಲಿ ಗಾರ್ವಿಗೆ ಐದು ವರ್ಷಗಳ ಸಜೆಯಾಯಿತು. ಜೊತೆಯ ಮೂವರು ಆರೋಪಿಗಳು ಬಿಡುಗಡೆಗೊಂಡರು. ಮೇಲ್ಮನವಿ ತಿರಸ್ಕೃತವಾಗಿ 1925ರಲ್ಲಿ ಅವರು ಅಟ್ಲಾಂಟಾ ಜೈಲು ಸೇರಿದರು.

1927ರಲ್ಲಿ ಅಧ್ಯಕ್ಷ ಕೂಲಿಡ್ಜ್ ಶಿಕ್ಷೆಯನ್ನು ಕಡಿತಗೊಳಿಸಿದರು. ಇಲ್ಲೊಂದು ವಿಷಯ ನೆನಪಿಡಿ: ಶಿಕ್ಷೆಯ ಕಡಿತ ಬೇರೆ, ಕ್ಷಮಾದಾನ ಬೇರೆ. ಅವಧಿ ಕಡಿಮೆಯಾಯಿತು, ಅಪರಾಧಿ ಎಂಬ ತೀರ್ಪು ಹಾಗೆಯೇ ಉಳಿಯಿತು. ಅಮೆರಿಕದ ಪ್ರಜೆಯಾಗಿದ್ದರೆ ಅವರು ಜೈಲಿನಿಂದ ಮನೆಗೆ ಹೋಗುತ್ತಿದ್ದರು. ವಿದೇಶಿಯಾದ ಕಾರಣ ನ್ಯೂ ಆರ್ಲಿಯನ್ಸ್ ಬಂದರಿನಿಂದ ಹಡಗು ಹತ್ತಿಸಿ ಗಡೀಪಾರು ಮಾಡಲಾಯಿತು. ಹನ್ನೊಂದು ವರ್ಷ ಬೆವರು ಸುರಿಸಿ ಬೆಳೆಸಿದ ಚಳವಳಿ ಅಲ್ಲೇ ಉಳಿಯಿತು.

ಆ ನೆಲವನ್ನು ಅವರು ಮತ್ತೆ ತುಳಿಯಲಿಲ್ಲ. ಅಮೆರಿಕದ ಬೆಂಬಲಿಗರನ್ನು ಕಾಣಲು ಗಡಿಯಾಚೆಗಿನ ಕೆನಡಾದ ಟೊರಾಂಟೊದಲ್ಲಿ 1936ರಿಂದ 1938ರವರೆಗೆ ಸಮ್ಮೇಳನಗಳನ್ನು ನಡೆಸಬೇಕಾಯಿತು. 1937ರಲ್ಲಿ ಅಲ್ಲಿಯೇ ಕಾರ್ಯಕರ್ತರಿಗೆ ತರಗತಿ ತೆರೆದು ಪಾಠ ಹೇಳಿದರು. 1940ರ ಜೂನ್ 10ರಂದು ಲಂಡನ್ನಿನಲ್ಲಿ ನಿಧನರಾದರು.

1964ರಲ್ಲಿ ಅವರ ಪಾರ್ಥಿವ ಶರೀರವನ್ನು ತಾಯ್ನಾಡಿಗೆ ತಂದು, ಜಮೈಕಾ ಅವರನ್ನು ತನ್ನ ಮೊದಲ ರಾಷ್ಟ್ರವೀರನೆಂದು ಗೌರವಿಸಿತು. ಅಮೆರಿಕದ ಕ್ಷಮಾದಾನ ಬಂದದ್ದು 2025ರ ಜನವರಿಯಲ್ಲಿ, ಅಧ್ಯಕ್ಷ ಬೈಡನ್ ಅವರಿಂದ. ತೀರ್ಪಿನಿಂದ ಎಣಿಸಿದರೆ ನೂರ ಒಂದು ವರ್ಷ ದಾಟಿತ್ತು.

ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಕಾನೂನು ಓದುವಿರಿ, ಕೆಲವರು ಹೊರದೇಶಕ್ಕೆ ದುಡಿಯಲು ಹೋಗುವಿರಿ. ಸಜೆ ಮುಗಿಸಿ ಬಂದವನೊಬ್ಬ ಕೆಲಸ ಕೇಳಿ ನಿಮ್ಮೆದುರು ನಿಂತಾಗ, ಅವನ ಹಳೆಯ ಕಾಗದವನ್ನಷ್ಟೇ ನೋಡಬೇಡಿ. ಇಂದು ಅವನು ಏನು ಮಾಡಬಲ್ಲನೆಂಬುದನ್ನೂ ನೋಡಿ.