ಗಣಿತಜ್ಞ ಮಹಾವೀರಾಚಾರ್ಯ

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಊರಿದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಇಲ್ಲಿಂದ ನಾಡನ್ನಾಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದ ಜೈನ ವಿದ್ವಾಂಸನೇ ಮಹಾವೀರಾಚಾರ್ಯ.

ಈತನು ಸುಮಾರು ಕ್ರಿ.ಶ. 850ರಲ್ಲಿ ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿ, ಅದರ ಆರಂಭದಲ್ಲಿ ತನ್ನ ಅರಸನನ್ನು ಸ್ತುತಿಸಿದನು. ಖಗೋಳ ಗ್ರಂಥಗಳಲ್ಲಿ ಒಂದು ಅಧ್ಯಾಯವಾಗಿ ಬರುತ್ತಿದ್ದ ಗಣಿತಕ್ಕೆ ಇಡೀ ಗ್ರಂಥವನ್ನೇ ಮೀಸಲಿಟ್ಟನು. ಅಡುಗೆ, ವೈದ್ಯ, ಸಂಗೀತಗಳಿಂದ ಹಿಡಿದು ಗ್ರಹಗಳ ಚಲನೆ, ಸಾಗರಗಳ ವಿಸ್ತಾರದವರೆಗೆ ಲೋಕದ ವ್ಯವಹಾರವೆಲ್ಲ ಗಣಿತಕ್ಕೆ ಒಳಪಟ್ಟಿದೆಯೆಂದು ಸಾರಿದನು. ಆದರೆ ಲೆಕ್ಕದ ಎಲ್ಲೆಯನ್ನೂ ಬಲ್ಲವನಾಗಿ, ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಲೋಕವನ್ನೇ ಲೆಕ್ಕಕ್ಕೆ ತರುವ ಈ ಕಾರ್ಯವು ಮುಂದೆ ಗಣಕಯಂತ್ರದ ಪಾಲಿಗೆ ಬಂದಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ತಂಡವೊಂದು ಜನಸಂಖ್ಯೆ, ಆಹಾರ, ಕೈಗಾರಿಕೆ, ನಿಸರ್ಗಸಂಪತ್ತು, ಮಾಲಿನ್ಯ ಇವುಗಳ ಪರಸ್ಪರ ಸಂಬಂಧವನ್ನು ಸಮೀಕರಣಗಳಲ್ಲಿ ಅಳವಡಿಸಿ, 2100ರವರೆಗಿನ ಪ್ರಪಂಚದ ಗತಿಯನ್ನು ಗಣಿಸಿತು. ಬೆಳವಣಿಗೆಯು ಹೀಗೆಯೇ ಸಾಗಿದರೆ ನೂರು ವರ್ಷಗಳೊಳಗೆ ಅದು ತನ್ನ ಎಲ್ಲೆಯನ್ನು ಮುಟ್ಟುವುದೆಂದು 1972ರಲ್ಲಿ ಎಚ್ಚರಿಸಿತು. ಆ ಲೆಕ್ಕದ ಹಿಂದಿನ ಊಹೆಗಳನ್ನು ಹಲವರು ಪ್ರಶ್ನಿಸಿದರು. ಯಂತ್ರವು ಎಷ್ಟೇ ದೊಡ್ಡದಾದರೂ, ಕೊಟ್ಟ ಅಂಕಿಗಳು ಸರಿಯಿದ್ದರೆ ಮಾತ್ರ ಉತ್ತರವು ಸರಿಯಾದೀತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಪ್ರದೇಶದ ನೆಲದಲ್ಲಿ ಸುಣ್ಣಕಲ್ಲು ಹೇರಳವಾಗಿದೆ. ಅದರಿಂದ ಸಿಮೆಂಟು ತಯಾರಾಗುತ್ತದೆ. ಆದರೆ ಅಗೆದ ಕಲ್ಲು ಮರಳಿ ಬೆಳೆಯದು. ಬಳಸಿದುದನ್ನೂ ಉಳಿದುದನ್ನೂ ಪ್ರಾಮಾಣಿಕವಾಗಿ ಎಣಿಸುವ ವಿದ್ಯೆಯೇ ಮಹಾವೀರಾಚಾರ್ಯನು ಈ ನಾಡಿಗೆ ಬಿಟ್ಟುಹೋದ ಆಸ್ತಿ.