ಕಚೇರಿ ಬಿಟ್ಟ ಮೇಲೆ ವಿಜ್ಞಾನ

ಮಕ್ಕಳೇ, ಆಯನೂರಿನ ಶಾಲೆಯಲ್ಲಿ ಸಂಜೆಯ ಗಂಟೆ ಬಾರಿಸಿತು ಎನ್ನಿ. ಹೋಂವರ್ಕ್, ಮನೆಗೆಲಸ ಮುಗಿದ ಮೇಲೆ ನಿಮ್ಮದೇ ಆದ ಸ್ವಲ್ಪ ಹೊತ್ತು ಉಳಿಯುತ್ತದೆ. ಅಂತಹ ಬಿಡುವಿನಲ್ಲೇ ವರ್ಷಗಟ್ಟಲೆ ವಿಜ್ಞಾನ ಮಾಡಿದವರು ಸರ್ ಸಿ.ವಿ. ರಾಮನ್.

ರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಿಗೇ ಭೌತವಿಜ್ಞಾನದಲ್ಲಿ ಎಂ.ಎ. ಮುಗಿಸಿದರು. ಆ ಕಾಲದಲ್ಲಿ ಭಾರತೀಯರಿಗೆ ಸಂಶೋಧನೆಯ ಕೆಲಸ ಸಿಗುವುದು ಕಷ್ಟ. ಹಾಗಾಗಿ 1907ರಲ್ಲಿ ಕಲ್ಕತ್ತದ ಹಣಕಾಸು ಇಲಾಖೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾದರು. ಒಳ್ಳೆಯ ಸಂಬಳವೇನೋ ಇತ್ತು. ಆದರೆ ಮನಸ್ಸು ಪ್ರಯೋಗಗಳ ಮೇಲಿತ್ತು.

ಅದೇ ಊರಿನಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಘವೊಂದಿತ್ತು. ಅಲ್ಲಿನ ಪ್ರಯೋಗಾಲಯವನ್ನು ಬಳಸುವವರೇ ಕಡಿಮೆ. ಸಂಘದವರು ರಾಮನ್ ಅವರಿಗೆ ಬಾಗಿಲು ತೆರೆದರು. ಸಹಾಯಕ ಆಶುತೋಷ್ ಡೇ ಜೊತೆಯಾದರು.

ಅವರ ದಿನಚರಿ ನೋಡಿ. ಬೆಳಿಗ್ಗೆ ಸುಮಾರು 5.30ಕ್ಕೆ ಪ್ರಯೋಗಾಲಯ. ಆಮೇಲೆ ಮನೆಗೆ ಬಂದು ಸ್ನಾನ, ಊಟ, ಕಚೇರಿ. ಸಂಜೆ 5ಕ್ಕೆ ಕಚೇರಿ ಬಿಟ್ಟರೆ ಮತ್ತೆ ಪ್ರಯೋಗಾಲಯ. ಮನೆ ಸೇರುವಾಗ ರಾತ್ರಿ! ರಂಗೂನಿಗೂ ನಾಗಪುರಕ್ಕೂ ವರ್ಗವಾದಾಗ ಮನೆಯಲ್ಲೇ ಪ್ರಯೋಗ ನಡೆಸಿದರು.

ಕಚೇರಿಯಲ್ಲಿ ಮೇಲಿನವರು ಕೊಟ್ಟ ಕೆಲಸ. ಬಿಡುವಿನಲ್ಲಿ ತಮ್ಮದೇ ಪ್ರಶ್ನೆ. ಏಕತಾರಿಯ ತಂತಿ ಹೇಗೆ ನಾದ ಕೊಡುತ್ತದೆ? ಪಿಟೀಲಿನ ತಂತಿ ಹೇಗೆ ಕಂಪಿಸುತ್ತದೆ? ಹೀಗೆ ಕೇಳುತ್ತ ಹಲವು ಪ್ರಬಂಧಗಳನ್ನು ಪ್ರಕಟಿಸಿದರು.

ಆದರೆ ಬಿಡುವಿಗೂ ಮಿತಿಯುಂಟು. ಇಡೀ ದಿನ ಬೇಕಾಗುವ ಕೆಲಸ ಬೆಳಿಗ್ಗೆ, ಸಂಜೆಯ ತುಣುಕು ಸಮಯದಲ್ಲಿ ಸಾಗುವುದಿಲ್ಲ. ಕಲ್ಕತ್ತ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆ ಕೊಡಲು ಮುಂದೆ ಬಂದಿತು. ಅಲ್ಲಿ ಸಂಬಳ ಬಹಳ ಕಡಿಮೆ, ಸಂಶೋಧನೆಗೆ ಸಮಯ ಹೆಚ್ಚು. ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ? ರಾಮನ್ 1917ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಸಮಯವನ್ನೇ ಆರಿಸಿಕೊಂಡರು.

1921ರಲ್ಲಿ ಹಡಗಿನ ಪ್ರಯಾಣದಲ್ಲಿ ಸಮುದ್ರದ ನೀಲಿ ಬಣ್ಣ ಅವರನ್ನು ಯೋಚನೆಗೆ ಹಚ್ಚಿತು. ನೀರಿನ ಅಣುಗಳೂ ಬೆಳಕನ್ನು ಚದುರಿಸುತ್ತವೆ ಎಂದು ಅವರು ತೋರಿಸಿದರು. ಕೆ.ಎಸ್. ಕೃಷ್ಣನ್ ಮೊದಲಾದ ಶಿಷ್ಯರೊಂದಿಗೆ ಪ್ರಯೋಗ ಮುಂದುವರಿಯಿತು. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಹಾಯಿಸಿದರೆ, ಚದುರಿದ ಬೆಳಕಿನಲ್ಲಿ ಬಹುಪಾಲು ಅದೇ ಬಣ್ಣ. ಒಂದು ಸಣ್ಣ ಪಾಲಿನ ಬಣ್ಣ ಮಾತ್ರ ಬದಲಾಗಿರುತ್ತದೆ. 1928ರ ಫೆಬ್ರವರಿ 28ರಂದು ಕಂಡ ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಆ ದಿನವೇ ನಮ್ಮ ರಾಷ್ಟ್ರೀಯ ವಿಜ್ಞಾನ ದಿನ.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1948ರಲ್ಲಿ ಅಲ್ಲೇ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಬಿಡುವಿದ್ದ ಮಾತ್ರಕ್ಕೆ ಹೊಸದು ಹುಟ್ಟುವುದಿಲ್ಲ. ಒಂದು ಪ್ರಶ್ನೆ ಬೇಕು, ಉಪಕರಣ ಬೇಕು, ನೆರವಾಗುವವರೂ ಬೇಕು. ಈ ಮೂರೂ ಇದ್ದುದರಿಂದಲೇ ರಾಮನ್ ಅವರ ಸಂಜೆಗಳು ಫಲ ಕೊಟ್ಟವು.

ನೀವೂ ಮಾಡಿ: ಈ ವಾರ ದಿನವೂ ಅರ್ಧ ಗಂಟೆ ನಿಮ್ಮದೇ ಒಂದು ಪ್ರಶ್ನೆಗೆ ಕೊಡಿ. ಕಂಡದ್ದನ್ನು ಬರೆದಿಡಿ. ಭೂತಗನ್ನಡಿಯೋ ಅಯಸ್ಕಾಂತವೋ ಬೇಕಾದರೆ ಶಿಕ್ಷಕರನ್ನು ಕೇಳಿ.